ಬೆಳಗ್ಗೆ ಬೇಗ ಏಳಬೇಕಾದವರು ಯಾರು?

ಮಕ್ಕಳ ಸ್ಕೂಲ್ ಡಿಸ್ಟ್ರಿಕ್ಟ್‌ನಿಂದ, ಅಂದರೆ ಇಲ್ಲಿನ ಶಾಲೆಗಳನ್ನು ನಡೆಸುವ ಆಡಳಿತದಿಂದ, ಬರುವ ಮೆಸೇಜ್‌ಗಳಲ್ಲಿ ಮುಕ್ಕಾಲು ಪಾಲನ್ನು ನಾನು ತೆರೆದೂ ನೋಡುವುದಿಲ್ಲ. ಮೂರನೇ ಕ್ಲಾಸಿನಲ್ಲಿ ಹೇನು ಕಾಣಿಸಿದೆ, ಮಕ್ಕಳ ತಲೆ ನೋಡಿ. ಶುಕ್ರವಾರ ಪೈಜಾಮ ದಿನ. ಕಳೆದುಹೋದ ಜಾಕೆಟ್‌ಗಳು ಆಫೀಸಿನ ಹೊರಗೆ ರಾಶಿ ಬಿದ್ದಿವೆ, ಬಂದು ತಗೊಂಡು ಹೋಗಿ. ಇಂಥವೇ. ಆದರೆ ‘ಬೆಲ್ ಶೆಡ್ಯೂಲ್’ (ಶಾಲೆ ಶುರುವಾಗುವ, ಬಿಡುವ ಸಮಯ) ಅಂತ ತಲೆಬರಹ ಇದ್ದರೆ ಮಾತ್ರ ಒಲೆ ಆರಿಸಿ ಓದುತ್ತೇನೆ. ನಾನೊಬ್ಬಳೇ ಅಲ್ಲ. ಮೊನ್ನೆ ಅಂಥದ್ದೊಂದು ಬಂದ ಸ್ವಲ್ಪ ಹೊತ್ತಿಗೆ ಕ್ಯಾಲಿಫೋರ್ನಿಯಾದ ನಮ್ಮ ಬೇ ಏರಿಯಾ ಕನ್ನಡ ಅಮ್ಮಂದಿರ ವಾಟ್ಸಾಪ್ ಗುಂಪು ಜೇನುಗೂಡಿಗೆ ಕಲ್ಲು ಬಿದ್ದ ಹಾಗಾಯಿತು. ಸಂಕ್ರಾಂತಿಗೆ ಯಾರು ಏನು ಅಡುಗೆ ತರುತ್ತೀರಿ ಅಂತ ಕೇಳಿದರೆ ಉತ್ತರವೇ ಕೊಡದವರೂ ಅವತ್ತು ರಾತ್ರಿ ಹನ್ನೊಂದರವರೆಗೆ ಬರೆದರು.

ವಿಷಯ ಇಷ್ಟು. ಈಗ ನಮ್ಮಲ್ಲಿ ಹೈಸ್ಕೂಲ್ 8:30ಕ್ಕೆ, ಮಿಡಲ್ ಸ್ಕೂಲ್ 8:00ಕ್ಕೆ, ಎಲಿಮೆಂಟರಿ, ಅಂದರೆ ಚಿಕ್ಕ ಮಕ್ಕಳ ಶಾಲೆ, 8:20ಕ್ಕೆ ಶುರುವಾಗುತ್ತವೆ. ಬರುವ ವರ್ಷದಿಂದ ಮಿಡಲ್ ಸ್ಕೂಲನ್ನು 8:45ಕ್ಕೆ ತಳ್ಳಿ, ಎಲಿಮೆಂಟರಿಯನ್ನು 7:50ಕ್ಕೆ ಎಳೆಯೋಣ ಅನ್ನುವುದು ಡಿಸ್ಟ್ರಿಕ್ಟ್‌ನವರ ಯೋಚನೆ. ದೊಡ್ಡ ಮಕ್ಕಳಿಗೆ ನಿದ್ದೆ ಸಿಗುತ್ತದೆ. ಚಿಕ್ಕವರು ಹೇಗೂ ಬೇಗ ಏಳುತ್ತಾರೆ. ಒಂದೇ ರಸ್ತೆಯಲ್ಲಿರುವ ಮೂರು ಶಾಲೆಗಳ ಕಾರುಗಳು ಒಟ್ಟಿಗೆ ನುಗ್ಗುವುದೂ ತಪ್ಪುತ್ತದೆ. ಕಾಗದದ ಮೇಲೆ ಚೆನ್ನಾಗಿಯೇ ಇದೆ. ನನ್ನ ಮಗಳು ಹನ್ನೊಂದನೇ ಕ್ಲಾಸು, ಮಗ ನಾಲ್ಕನೇ ಕ್ಲಾಸು. ಅಂದರೆ ಈ ಜಗಳದ ಎರಡೂ ಕಡೆಯವರು ನಮ್ಮ ಮನೆಯಲ್ಲೇ ಇದ್ದಾರೆ.

ಊರಿನಲ್ಲಿ ಓದುತ್ತಿರುವವರಿಗೆ ಒಂದು ಮಾತು ಹೇಳಬೇಕು. ಇಲ್ಲಿ ಶಾಲೆಯ ಸಮಯವನ್ನು ರಾಜಧಾನಿಯಲ್ಲಿ ಕೂತ ಇಲಾಖೆ ನಿರ್ಧರಿಸುವುದಿಲ್ಲ. ಅಮೆರಿಕದಲ್ಲಿ ಸುಮಾರು 13,000 ಸ್ಕೂಲ್ ಡಿಸ್ಟ್ರಿಕ್ಟ್‌ಗಳಿವೆ. ಕ್ಯಾಲಿಫೋರ್ನಿಯಾ ಒಂದರಲ್ಲೇ ಸಾವಿರದ ಹತ್ತಿರ. ಊರಿನ ಕಡೆ ನಾವು ಹೇಳುವ ಜಿಲ್ಲೆಗೂ ಇದಕ್ಕೂ ಸಂಬಂಧ ಇಲ್ಲ. ಒಂದು ಡಿಸ್ಟ್ರಿಕ್ಟ್‌ನಲ್ಲಿ ನೂರು ಶಾಲೆ ಇರಬಹುದು, ಒಂದೇ ಒಂದು ಶಾಲೆಯೂ ಇರಬಹುದು. ಬಹುತೇಕ ಎಲ್ಲದಕ್ಕೂ ಊರಿನವರೇ ಓಟು ಹಾಕಿ ಆರಿಸಿದ ಬೋರ್ಡ್ ಇರುತ್ತದೆ. ಐದೋ ಏಳೋ ಜನ. ಅದರಲ್ಲಿ ಒಬ್ಬರು ನಿವೃತ್ತ ಮೇಷ್ಟ್ರು, ಒಬ್ಬರು ವಕೀಲರು, ಒಬ್ಬರು ನಮ್ಮ ಹಾಗೇ ಮಕ್ಕಳನ್ನು ಬಿಟ್ಟು ಬರುವ ಅಪ್ಪ. ನಮ್ಮ ಮನೆಯ ಅಲಾರಂ ಎಷ್ಟು ಗಂಟೆಗೆ ಹೊಡೆಯಬೇಕು ಅನ್ನೋದನ್ನ ತೀರ್ಮಾನ ಮಾಡುವವರು ಇವರೇ.

ಹೈಸ್ಕೂಲ್, ಮಿಡಲ್ ಸ್ಕೂಲ್ ವಿಷಯದಲ್ಲಿ ಮಾತ್ರ ಆ ಅಧಿಕಾರ ಈಗ ಪೂರ್ತಿ ಇಲ್ಲ. ಎಸ್‌ಬಿ 328 ಅನ್ನುವ ಕ್ಯಾಲಿಫೋರ್ನಿಯಾದ ಕಾನೂನು ಬಂದು ಅದನ್ನು ಕಿತ್ತುಕೊಂಡಿತು. ಆಂಟನಿ ಪೋರ್ಟಂಟಿನೋ ಅನ್ನುವ ಸೆನೆಟರ್ ತಂದ ಮಸೂದೆ ಅದು. 2018ರಲ್ಲಿ ಎರಡೂ ಸದನಗಳಲ್ಲಿ ಪಾಸಾಗಿ ಹೋದಾಗ ಆಗಿನ ಗವರ್ನರ್ ಜೆರ್ರಿ ಬ್ರೌನ್ ಸಹಿ ಹಾಕದೆ ವಾಪಸ್ ಕಳಿಸಿದರು. ಇದೆಲ್ಲ ಊರೂರಿನವರು ನಿರ್ಧರಿಸಬೇಕಾದ್ದು ಅಂತ ಅವರ ವಾದ. ಟೀಚರ್‌ಗಳ ಸಂಘವೂ ಸ್ಕೂಲ್ ಬೋರ್ಡ್‌ಗಳ ಸಂಘವೂ ಅದನ್ನೇ ಹೇಳುತ್ತಿದ್ದವು. ಮರುವರ್ಷ ಗವರ್ನರ್ ಬದಲಾದರು. ಗ್ಯಾವಿನ್ ನ್ಯೂಸಮ್ 2019ರ ಅಕ್ಟೋಬರ್‌ನಲ್ಲಿ ಸಹಿ ಹಾಕಿದರು. ಹೈಸ್ಕೂಲ್ 8:30ಕ್ಕಿಂತ ಮೊದಲು, ಮಿಡಲ್ ಸ್ಕೂಲ್ 8:00ಕ್ಕಿಂತ ಮೊದಲು ಶುರುವಾಗುವ ಹಾಗಿಲ್ಲ. ಹಳ್ಳಿಗಾಡಿನ ಡಿಸ್ಟ್ರಿಕ್ಟ್‌ಗಳಿಗೆ ಮಾತ್ರ ವಿನಾಯಿತಿ. 2022ರ ಜುಲೈ 1ರಿಂದ ಜಾರಿ. ಇಡೀ ರಾಜ್ಯಕ್ಕೆ ಇಂಥ ಕಾನೂನು ತಂದ ಮೊದಲ ರಾಜ್ಯ ನಮ್ಮದೇ.

ಎಲಿಮೆಂಟರಿ ಮಕ್ಕಳ ಬಗ್ಗೆ ಆ ಕಾನೂನು ಒಂದಕ್ಷರ ಹೇಳುವುದಿಲ್ಲ. ಇದನ್ನು ನೆನಪಿಟ್ಟುಕೊಳ್ಳಿ.

ಮೊದಲಿಗೆ ಹೈಸ್ಕೂಲನ್ನು ಅಷ್ಟು ಬೇಗ ಯಾಕೆ ಶುರು ಮಾಡುತ್ತಿದ್ದರು? ಬೇಗ ಎದ್ದು ಓದಿದರೆ ತಲೆಗೆ ಹತ್ತುತ್ತದೆ ಅಂತ ಯಾರೋ ಹಿರಿಯರು ಹೇಳಿದ್ದಕ್ಕಲ್ಲ. ಬಸ್ಸಿಗಾಗಿ. ಅಮೆರಿಕದ ಆ ಹಳದಿ ಬಸ್ಸು ಒಂದೇ ಟ್ರಿಪ್ ಹೊಡೆದು ನಿಂತರೆ ಡಿಸ್ಟ್ರಿಕ್ಟ್‌ಗೆ ನಷ್ಟ. ಆದ್ದರಿಂದ ಒಂದೇ ಬಸ್ಸು, ಒಬ್ಬನೇ ಡ್ರೈವರ್, ಬೆಳಗ್ಗೆ ಎರಡು ಮೂರು ಪಾಳಿ. ಮೊದಲು ಹೈಸ್ಕೂಲ್ ಮಕ್ಕಳನ್ನು ಇಳಿಸಿ, ಆಮೇಲೆ ಮಿಡಲ್, ಕೊನೆಗೆ ಎಲಿಮೆಂಟರಿ. ಕತ್ತಲಲ್ಲಿ ರಸ್ತೆ ಬದಿ ನಿಲ್ಲಬೇಕಾದವರು ದೊಡ್ಡವರಾಗಿರಲಿ ಅನ್ನುವ ಯೋಚನೆಯೂ ಇತ್ತು. ಮಧ್ಯಾಹ್ನ ಬೇಗ ಬಿಟ್ಟರೆ ಆಟದ ಪ್ರಾಕ್ಟೀಸಿಗೆ ಬೆಳಕು ಸಿಗುತ್ತದೆ. ಅಣ್ಣ ಅಕ್ಕಂದಿರು ಮೊದಲು ಮನೆಗೆ ಬಂದು ಚಿಕ್ಕವರಿಗೆ ಬಾಗಿಲು ತೆಗೆಯಬಹುದು. ಎಲ್ಲವೂ ದೊಡ್ಡವರ ಅನುಕೂಲದ ಲೆಕ್ಕ. ಮಕ್ಕಳ ಮೈ ಏನು ಹೇಳುತ್ತದೆ ಅಂತ ಯಾರೂ ಕೇಳಿರಲಿಲ್ಲ.

ಕೇಳಿದವರು ಬ್ರೌನ್ ವಿಶ್ವವಿದ್ಯಾಲಯದ ಮೇರಿ ಕಾರ್ಸ್ಕಡನ್ ಥರದ ನಿದ್ದೆಯ ತಜ್ಞರು. ಹರೆಯ ಬಂತೆಂದರೆ ಮೈಯೊಳಗಿನ ಗಡಿಯಾರವೇ ಹಿಂದಕ್ಕೆ ಹೋಗುತ್ತದೆ. ನಿದ್ದೆ ಬರಿಸುವ ಮೆಲಟೋನಿನ್ ರಾತ್ರಿ ತಡವಾಗಿ ಏರುತ್ತದೆ, ಬೆಳಗ್ಗೆ ತಡವಾಗಿ ಇಳಿಯುತ್ತದೆ. ಒಂಬತ್ತು ಗಂಟೆಗೆ ದೀಪ ಆರಿಸಿ ಹಾಸಿಗೆಗೆ ದಬ್ಬಿದರೂ ಹದಿನಾರರ ಹುಡುಗಿ ಸೂರು ನೋಡಿಕೊಂಡು ಮಲಗಿರುತ್ತಾಳೆ ಅಷ್ಟೇ. ಈ ವಯಸ್ಸಿಗೆ ಎಂಟರಿಂದ ಹತ್ತು ಗಂಟೆ ನಿದ್ದೆ ಬೇಕು ಅನ್ನುತ್ತಾರೆ. ಹನ್ನೊಂದಕ್ಕೆ ನಿದ್ದೆ ಹತ್ತಿ ಆರಕ್ಕೆ ಏಳುವವರಿಗೆ ಅದು ಎಲ್ಲಿಂದ ಬರಬೇಕು? ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2014ರಲ್ಲೇ ಹೇಳಿತ್ತು, ಮಿಡಲ್ ಮತ್ತು ಹೈಸ್ಕೂಲ್ 8:30ಕ್ಕಿಂತ ಮೊದಲು ಬೇಡ ಅಂತ. ಮರುವರ್ಷ ಸಿಡಿಸಿ (ಅಮೆರಿಕ ಸರ್ಕಾರದ ಆರೋಗ್ಯ ಸಂಸ್ಥೆ) ಹೊರಡಿಸಿದ 2011-12ರ ಲೆಕ್ಕದಲ್ಲಿ ದೇಶದಲ್ಲಿ ಇಂಥ ಶಾಲೆಗಳು ಸರಾಸರಿ 8:03ಕ್ಕೆ ಶುರುವಾಗುತ್ತಿದ್ದವು. 8:30 ಅಥವಾ ಆಮೇಲೆ ಶುರುವಾಗುತ್ತಿದ್ದವು ಐದರಲ್ಲಿ ಒಂದಕ್ಕಿಂತ ಕಡಿಮೆ.

ಈ ಮಾತು ಬರೀ ಪ್ರಯೋಗಾಲಯದ್ದಲ್ಲ. ಮಿನೆಸೋಟದ ಈಡೈನಾದಲ್ಲಿ 1996ರಲ್ಲೇ ಹೈಸ್ಕೂಲನ್ನು 7:20ರಿಂದ 8:30ಕ್ಕೆ ತಂದರು. ಮರುವರ್ಷ ಪಕ್ಕದ ಮಿನಿಯಾಪೊಲಿಸ್ 7:15ರಿಂದ 8:40ಕ್ಕೆ ಹೋಯಿತು. ಆದರೆ ನನಗೆ ಇಷ್ಟವಾಗುವುದು ಸಿಯಾಟಲ್ ಕಥೆ. 2016ರಲ್ಲಿ ಅಲ್ಲಿನ ಹೈಸ್ಕೂಲ್‌ಗಳು 7:50ರಿಂದ 8:45ಕ್ಕೆ ಬಂದವು. ವಾಷಿಂಗ್ಟನ್ ವಿಶ್ವವಿದ್ಯಾಲಯದವರು ಎರಡು ಹೈಸ್ಕೂಲಿನ ಮಕ್ಕಳ ಕೈಗೆ ಪಟ್ಟಿ ಕಟ್ಟಿ, ಬದಲಾವಣೆಗೆ ಮೊದಲೂ ಆಮೇಲೂ ನಿದ್ದೆ ಅಳೆದರು. ಎಲ್ಲರೂ ಅಂದುಕೊಂಡಿದ್ದು, ಹೇಗೂ ತಡವಾಗಿ ಏಳಬಹುದಲ್ವಾ, ರಾತ್ರಿ ಇನ್ನೂ ತಡವಾಗಿ ಮಲಗುತ್ತಾರೆ ಅಂತ. ಹಾಗಾಗಲಿಲ್ಲ. ಮಲಗುವ ಹೊತ್ತು ಹೆಚ್ಚುಕಡಿಮೆ ಅದೇ ಇತ್ತು. ದಿನಕ್ಕೆ 34 ನಿಮಿಷ ಜಾಸ್ತಿ ನಿದ್ದೆ ಸಿಕ್ಕಿತು. ಎರಡು ಶಾಲೆಗಳಲ್ಲಿ ಒಂದು ಅನುಕೂಲಸ್ಥರ ಬಡಾವಣೆಯದು, ಇನ್ನೊಂದು, ಫ್ರಾಂಕ್ಲಿನ್, ಬಡಮಕ್ಕಳು ಹೆಚ್ಚಿರುವುದು. ಫ್ರಾಂಕ್ಲಿನ್‌ನಲ್ಲಿ ಮೊದಲ ಪೀರಿಯಡ್‌ಗೆ ತಡವಾಗಿ ಬರುವವರು, ಬಾರದೇ ಇರುವವರು ಕಡಿಮೆಯಾದರು. ಕಾರು ಇಲ್ಲದ ಮನೆಯ ಮಗುವಿಗೆ ಒಂದು ಬಸ್ಸು ತಪ್ಪಿದರೆ ಮೊದಲ ಪೀರಿಯಡ್ ತಪ್ಪಿತು. ಕಾರಿರುವ ಮನೆಯವರಿಗೆ ಅಮ್ಮನ ಬೈಗುಳ, ಅಷ್ಟೇ.

ಇದನ್ನೆಲ್ಲ ನಮ್ಮ ಅತ್ತೆಗೆ ಹೇಳಿ ನೋಡಿದೆ. ಪ್ರತಿ ಬೇಸಿಗೆಗೂ ಬಂದು ಆರು ತಿಂಗಳು ನಮ್ಮ ಜೊತೆ ಇರುತ್ತಾರೆ. ಐದು ಗಂಟೆಗೆ ಎದ್ದು, ಸ್ನಾನ ಮುಗಿಸಿ, ದೇವರಿಗೆ ದೀಪ ಹಚ್ಚಿ, ಡಿಕಾಕ್ಷನ್ ಇಳಿಸಿ, ಆಮೇಲೆ ಮೊಮ್ಮಗಳ ರೂಮಿನ ಬಾಗಿಲ ಹತ್ತಿರ ಬಂದು ನಿಲ್ಲುತ್ತಾರೆ.

“ಏನೇ ಇದು, ಸೂರ್ಯ ನೆತ್ತಿಗೆ ಬಂದ್ರೂ ಇವಳಿಗೆ ಬೆಳಗಾಗಿಲ್ಲ?”

“ಅತ್ತೆ, ಇನ್ನೂ ಏಳು ಗಂಟೆ.”

“ಏಳು ಗಂಟೆಗೆ ನಾವು ಎರಡು ಸಲ ನೀರು ಸೇದಿರ್ತಿದ್ವಿ.”

ನಿಜವೇ. ನಾನೂ ಹಾಸನದ ಕಡೆಯ ಹಳ್ಳಿಯಲ್ಲಿ ಬೆಳೆದವಳು. ಐದೂವರೆಗೆ ಏಳದಿದ್ದರೆ ಅಮ್ಮ ಕಂಬಳಿ ಎಳೆಯುತ್ತಿದ್ದರು. ಆದರೆ ಈ ಜಗಳದ ನಡುವೆ ಒಂದು ವಿಷಯ ಥಟ್ಟಂತ ನೆನಪಾಯಿತು. ನಮ್ಮ ಸರ್ಕಾರಿ ಹೈಸ್ಕೂಲಿನಲ್ಲಿ ಪ್ರಾರ್ಥನೆ ಶುರುವಾಗುತ್ತಿದ್ದದ್ದು ಹತ್ತು ಗಂಟೆಗೆ! ಶನಿವಾರ ಮಾತ್ರ ಬೆಳಗಿನ ಶಾಲೆ, ಎಂಟಕ್ಕೆ. ಆ ಶನಿವಾರ ಅರ್ಧ ತರಗತಿ ಆಕಳಿಸುತ್ತಿತ್ತು. ಕಲಬುರಗಿ ಕಡೆ ಬೇಸಿಗೆಯಲ್ಲಿ ಬೆಳಗಿನ ಶಾಲೆ ಇಡುತ್ತಾರೆ, ಅದು ಬಿಸಿಲಿಗೆ. ಉಳಿದಂತೆ ಅಮೆರಿಕದ ತಜ್ಞರು ಇಷ್ಟು ವರ್ಷ ಗುದ್ದಾಡಿ 8:30 ತರುವ ಹೊತ್ತಿಗೆ, ನಮ್ಮ ಸರ್ಕಾರಿ ಶಾಲೆ ಹತ್ತಕ್ಕೇ ಹಾಯಾಗಿ ಕೂತಿತ್ತು. ಹಾಗಂತ ನಮ್ಮವರಿಗೆ ಮೆಲಟೋನಿನ್ ಗೊತ್ತಿತ್ತು ಅಂತ ಯಾರೂ ವಾಟ್ಸಾಪ್‌ನಲ್ಲಿ ಹರಿಬಿಡಬೇಡಿ. ಸುತ್ತಲಿನ ನಾಲ್ಕೈದು ಹಳ್ಳಿಯಿಂದ ಮಕ್ಕಳು ನಡೆದು ಬರಬೇಕಿತ್ತು. ಬರುವ ಮೊದಲು ಕೊಟ್ಟಿಗೆ ಕೆಲಸ ಮುಗಿಯಬೇಕಿತ್ತು. ಮೇಷ್ಟ್ರು ಬರುವ ಬಸ್ಸೂ ಒಂಬತ್ತೂವರೆಗೇ. ಅಲ್ಲೂ ಲೆಕ್ಕ ದೊಡ್ಡವರ ಕೆಲಸದ್ದೇ. ಆದರೆ ಆ ಲೆಕ್ಕದಿಂದ ಮಕ್ಕಳಿಗೆ ಅನುಕೂಲವಾಗಿತ್ತು.

ಈಗ ಬೆಂಗಳೂರಿನಲ್ಲಿ ಹಾಗಿಲ್ಲ. ನನ್ನ ತಂಗಿಯ ಮಗ ಏಳು ಗಂಟೆಗೆ ಮುಂಚೆ ಅಪಾರ್ಟ್‌ಮೆಂಟ್ ಗೇಟಿನಲ್ಲಿ ಸ್ಕೂಲ್ ವ್ಯಾನಿಗೆ ಕಾಯುತ್ತಾನೆ. 2023ರ ಅಕ್ಟೋಬರ್‌ನಲ್ಲಿ ಟ್ರಾಫಿಕ್ ಕಡಿಮೆ ಮಾಡಲು ಶಾಲೆಯ ಸಮಯ ಬದಲಾಯಿಸಬಹುದಾ ನೋಡಿ ಅಂತ ಹೈಕೋರ್ಟ್ ಹೇಳಿದ್ದಕ್ಕೆ ಶಿಕ್ಷಣ ಇಲಾಖೆ ಸಭೆ ಕರೆದಿತ್ತು. ಇನ್ನೂ ಬೇಗ ಶುರು ಮಾಡುವ ಮಾತು ಬಂದಾಗ ಖಾಸಗಿ ಶಾಲೆಯವರೂ ಪೋಷಕರೂ ಒಪ್ಪಲಿಲ್ಲ. ನೋಡಿ, ಊರಿನ ಟ್ರಾಫಿಕ್ ಸರಿಮಾಡಬೇಕು ಅಂದಾಗ ಮೊದಲು ನೆನಪಾದದ್ದು ಆರು ವರ್ಷದ ಮಗುವಿನ ನಿದ್ದೆ, ಟೆಕ್ ಪಾರ್ಕಿನವರ ಪಂಚಿಂಗ್ ಟೈಮ್ ಅಲ್ಲ. ಪಕ್ಕದ ಮಹಾರಾಷ್ಟ್ರದವರು 2024ರಲ್ಲಿ ಇದಕ್ಕೆ ತದ್ವಿರುದ್ಧ ಮಾಡಿದರು. ನಾಲ್ಕನೇ ತರಗತಿವರೆಗಿನ ಮಕ್ಕಳಿಗೆ ಬೆಳಗ್ಗೆ ಒಂಬತ್ತಕ್ಕೆ ಮುಂಚೆ ಶಾಲೆ ಬೇಡ ಅಂತ ಆದೇಶವೇ ಹೊರಡಿಸಿದರು.

ಸರಿ, ನಮ್ಮ ಮನೆಗೆ ಬರೋಣ. 2022ರಲ್ಲಿ ಕಾನೂನು ಬಂತು, ನಮ್ಮ ಹೈಸ್ಕೂಲು 7:45ರಿಂದ 8:30ಕ್ಕೆ ಬಂತು. ಮಗಳಿಗೆ ಮುಕ್ಕಾಲು ಗಂಟೆ ಸಿಕ್ಕಿರಬೇಕಲ್ವಾ? ಸಿಕ್ಕಿದ್ದು ಸಿಕ್ಕಿತು, ಆದರೆ ಎಲ್ಲರಿಗೂ ಅಲ್ಲ. ಆ ಕಾನೂನಿನಲ್ಲಿ ಒಂದು ಕಿಂಡಿ ಇದೆ. ‘ಝೀರೋ ಪೀರಿಯಡ್’. ಮಾಮೂಲಿ ದಿನ ಶುರುವಾಗುವ ಮೊದಲು, ಸ್ವಲ್ಪ ಮಕ್ಕಳಿಗೆ ಮಾತ್ರ, ಬೇಕಾದವರು ಬರಬಹುದು ಅನ್ನುವ ಒಂದು ಕ್ಲಾಸು. ಹಾಜರಾತಿಯ ದುಡ್ಡಿನ ಲೆಕ್ಕಕ್ಕೆ ಅದು ಸೇರುವುದಿಲ್ಲ, ಆದ್ದರಿಂದ ತಪ್ಪಲ್ಲ. ಆ ಪೀರಿಯಡ್ ಹಿಡಿದರೆ ಇನ್ನೊಂದು ಎಪಿ ಕೋರ್ಸಿಗೆ (ಹೈಸ್ಕೂಲಿನಲ್ಲೇ ಮಾಡುವ ಕಾಲೇಜು ಮಟ್ಟದ ಪಾಠ) ಜಾಗ ಸಿಗುತ್ತದೆ, ಇಲ್ಲವೇ ಆರ್ಕೆಸ್ಟ್ರಾ ಬಿಡದೆ ಫಿಸಿಕ್ಸ್ ಮಾಡಬಹುದು. ಯಾರ ಮಕ್ಕಳು ಅಲ್ಲಿ ತುಂಬಿರುತ್ತಾರೆ ಅಂತ ನಾನು ಹೇಳಬೇಕಾಗಿಲ್ಲ. ನಮ್ಮವರೇ, ಚೀನಾದವರೇ, ಕೊರಿಯಾದವರೇ. ಮಗಳು ಕೇಳಿದಳು, ನಾವು ಬೇಡ ಅಂದೆವು, ಅವಳ ಗೆಳತಿಯರೆಲ್ಲ ಹಾಕಿದರು, ಮನೆಯಲ್ಲಿ ಒಂದು ವಾರ ಮುಖ ದಪ್ಪ ಆಗಿತ್ತು.

ಮಕ್ಕಳು ಬೇಡ ಅನ್ನುತ್ತಾರೆ, ದೊಡ್ಡವರು ಹೇರುತ್ತಾರೆ ಅಂದುಕೊಂಡರೆ ಅದೂ ಪೂರ್ತಿ ನಿಜ ಅಲ್ಲ. ಪಕ್ಕದ ಪಾಲೋ ಆಲ್ಟೋದಲ್ಲಿ, ಮಕ್ಕಳ ಮನಸ್ಸಿನ ಆರೋಗ್ಯದ ಬಗ್ಗೆ ಇಡೀ ಊರು ತಲೆಕೆಡಿಸಿಕೊಂಡಿದ್ದ 2015ರಲ್ಲಿ, ಸೂಪರಿಂಟೆಂಡೆಂಟ್ (ಡಿಸ್ಟ್ರಿಕ್ಟ್‌ನ ಮುಖ್ಯ ಅಧಿಕಾರಿ) ಅವರು ಗನ್ ಹೈಸ್ಕೂಲಿನಲ್ಲಿ ಪಾಠದ ಝೀರೋ ಪೀರಿಯಡ್ ನಿಲ್ಲಿಸಿದರು. ವಿರೋಧಿಸಿದವರು ಯಾರು? ವಿದ್ಯಾರ್ಥಿಗಳೇ. ಬೇಗ ಬಂದು ಬೇಗ ಮುಗಿಸಿಕೊಂಡು ಹೋಗುವುದು ನಮ್ಮ ಇಷ್ಟ, ನಮ್ಮನ್ನು ಕೇಳದೆ ಕಿತ್ತುಕೊಂಡಿರಿ ಅಂತ. ನನಗೆ ಅವರ ಮೇಲೆ ಸಿಟ್ಟಿಲ್ಲ. ಓಟದಲ್ಲಿ ಪಕ್ಕದವನು ಓಡುತ್ತಿರುವಾಗ ನೀನೊಬ್ಬ ಮಲಗು ಅಂದರೆ ಯಾರು ಮಲಗುತ್ತಾರೆ?

ಅದಕ್ಕೇ ಹೇಳುವುದು, ನಿದ್ದೆಯನ್ನು ಮನೆಮನೆಯ ಶಿಸ್ತಿಗೆ ಬಿಟ್ಟರೆ ಆಗುವುದಿಲ್ಲ. ನಮ್ಮ ಮನೆಯನ್ನೇ ನೋಡಿ. ನನ್ನ ಗಂಡನ ಟೀಮ್ ಬೆಂಗಳೂರಿನಲ್ಲಿದೆ. ಅವರಿಗೆ ಬೆಳಗ್ಗೆ ಹತ್ತು ಅಂದರೆ ಬೇಸಿಗೆಯಲ್ಲಿ ನಮಗೆ ರಾತ್ರಿ ಒಂಬತ್ತೂವರೆ. ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್, ಕಿವಿಯಲ್ಲಿ ಹೆಡ್‌ಫೋನ್, “ಕೇಳಿಸ್ತಾ ಇದೆಯಾ? ಸ್ಕ್ರೀನ್ ಕಾಣ್ತಾ ಇದೆಯಾ?” ಅಂತ ಮನೆಗೆಲ್ಲ ಕೇಳಿಸುವ ಹಾಗೆ. ಹನ್ನೊಂದಕ್ಕೆ ಮೊದಲು ನಮ್ಮ ಅಡುಗೆಮನೆಯ ದೀಪ ಆರುವುದಿಲ್ಲ. ಮಗಳಿಗೆ ಬೇಗ ಮಲಗು ಅಂತ ಬುದ್ಧಿ ಹೇಳಲು ನಮಗೆ ಯಾವ ಮುಖ ಇದೆ? ಬೆಳಗಿನ ಬೆಲ್ ತಡವಾಗಿ ಹೊಡೆದರೆ ಮಾತ್ರ ಅವಳ ನಿದ್ದೆ ಉಳಿಯುತ್ತದೆ. ಆದ್ದರಿಂದ ಹೈಸ್ಕೂಲ್ 8:30 ಅನ್ನೋದರಲ್ಲಿ ನನಗೆ ಎರಡು ಮಾತಿಲ್ಲ. ಮಿಡಲ್ ಸ್ಕೂಲ್ ತಡವಾಗಿ ಶುರುವಾಗುವುದರಲ್ಲೂ ಇಲ್ಲ. ಹನ್ನೆರಡು ಹದಿಮೂರಕ್ಕೇ ಆ ಗಡಿಯಾರ ಜರುಗುವುದು ಶುರುವಾಗುತ್ತದೆ.

ನನ್ನ ತಕರಾರು ಬೇರೆ. ಒಬ್ಬರಿಗೆ ಕೊಟ್ಟ ನಿದ್ದೆ ಸುಮ್ನೆ ಆಕಾಶದಿಂದ ಬೀಳುವುದಿಲ್ಲ. ಇನ್ನೊಬ್ಬರ ಬೆಳಗಿನಿಂದ ತೆಗೆದು ಕೊಡುತ್ತಾರೆ. ಯಾರ ಬೆಳಗಿನಿಂದ ಅನ್ನೋದನ್ನ ಮೆಸೇಜಿನಲ್ಲಿ ಬರೆಯುವುದಿಲ್ಲ. ಸಿಯಾಟಲ್‌ನಲ್ಲಿ ಹೈಸ್ಕೂಲ್ ತಡವಾದಾಗ ಬಹಳಷ್ಟು ಎಲಿಮೆಂಟರಿ ಶಾಲೆಗಳು ಬೇಗ, 7:55ಕ್ಕೇ, ಶುರುವಾದವು.

ಬಾಸ್ಟನ್‌ನಲ್ಲಿ ಇದು ಬೀದಿಗೆ ಬಂತು. 2017ರಲ್ಲಿ ಅಲ್ಲಿನವರು ಎಂಐಟಿ ಸಂಶೋಧಕರಿಗೆ ಲೆಕ್ಕ ಕೊಟ್ಟರು. ಬಸ್ಸಿನ ಖರ್ಚು ಇಳಿಯಬೇಕು, ಹೈಸ್ಕೂಲ್ ಮಕ್ಕಳು ಮಲಗಬೇಕು, ಒಳ್ಳೆಯ ಸಮಯ ಅನುಕೂಲಸ್ಥರ ಬಡಾವಣೆಗೇ ಹೋಗುವುದು ನಿಲ್ಲಬೇಕು. ಕಂಪ್ಯೂಟರ್ ಚೆನ್ನಾಗಿಯೇ ಲೆಕ್ಕ ಮಾಡಿತು. ಉತ್ತರ ಬಂದಾಗ ನೋಡಿದರೆ ಊರಿನ ಬಹುತೇಕ ಶಾಲೆಗಳ ಸಮಯ ಬದಲಾಗಿತ್ತು. ಎಷ್ಟೋ ಚಿಕ್ಕ ಮಕ್ಕಳ ಶಾಲೆಗಳು 7:15ಕ್ಕೆ ಬಂದಿದ್ದವು. ಮಧ್ಯಾಹ್ನ ಅಷ್ಟು ಬೇಗ ಮನೆಗೆ ಬಿಟ್ಟರೆ ಆ ಮಕ್ಕಳನ್ನು ಯಾರು ನೋಡಿಕೊಳ್ಳುತ್ತಾರೆ? ಅಪ್ಪ ಅಮ್ಮಂದಿರು ಪ್ರತಿಭಟನೆಯ ಫಲಕ ಹಿಡಿದು ಬಂದರು. ಡಿಸೆಂಬರ್ ತಿಂಗಳಲ್ಲೇ ಯೋಜನೆಯನ್ನು ಕೈಬಿಟ್ಟರು. ಇಲ್ಲಿ ಒಂದು ಕಹಿ ಸಂಗತಿಯೂ ಇದೆ. ಆ ಯೋಜನೆಯಿಂದ ಬಡಾವಣೆ ಬಡಾವಣೆಗಳ ನಡುವಿನ ತಾರತಮ್ಯ ನಿಜವಾಗಿಯೂ ಕಡಿಮೆ ಆಗುತ್ತಿತ್ತು. ಅದೂ ಅದರ ಜೊತೆಗೇ ಹೋಯಿತು.

ಕೆಂಟಕಿಯ ಲೂಯಿವಿಲ್‌ನಲ್ಲಿ ನಡೆದದ್ದು ಇನ್ನೂ ಫಜೀತಿ. ಡ್ರೈವರ್‌ಗಳು ಸಾಲದೆ, 2023ರಲ್ಲಿ ಒಂದು ಕಂಪನಿಯಿಂದ ಹೊಸ ರೂಟು ಹಾಕಿಸಿ, ಶಾಲೆಗಳಿಗೆ ಒಂಬತ್ತು ಬೇರೆ ಬೇರೆ ಸಮಯ ಇಟ್ಟರು. ಆಗಸ್ಟ್ 9, ಶಾಲೆಯ ಮೊದಲ ದಿನ. ಕೊನೆಯ ಮಗು ಬಸ್ಸಿಳಿದು ಮನೆ ಸೇರುವ ಹೊತ್ತಿಗೆ ರಾತ್ರಿ ಹತ್ತರ ಹತ್ತಿರ ಆಗಿತ್ತು. ಮಾರನೇ ದಿನದಿಂದ ಒಂದು ವಾರಕ್ಕೂ ಹೆಚ್ಚು ಶಾಲೆಯನ್ನೇ ಮುಚ್ಚಿದರು. ಫ್ಲಾರಿಡಾದವರು 2023ರಲ್ಲಿ ನಮ್ಮ ಥರವೇ 8:30ರ ಕಾನೂನು ಮಾಡಿದರು, 2026ಕ್ಕೆ ಜಾರಿ ಅಂದರು. ಬಸ್ಸಿಗೂ ಡ್ರೈವರ್‌ಗೂ ದುಡ್ಡೆಲ್ಲಿ ಅಂತ ಡಿಸ್ಟ್ರಿಕ್ಟ್‌ಗಳು ಕೇಳಿದವು. 2025ರಲ್ಲಿ, ಜಾರಿಗೆ ಬರುವ ಮೊದಲೇ, ಒಂದು ವರದಿ ಕೊಟ್ಟ ಡಿಸ್ಟ್ರಿಕ್ಟ್‌ಗಳಿಗೆ ಅದು ಕಡ್ಡಾಯ ಅಲ್ಲ ಅಂತ ಕಾನೂನನ್ನು ಸಡಿಲಿಸಿದರು. ಟ್ಯಾಂಪಾದಲ್ಲಿರುವ ನನ್ನ ಗೆಳತಿಯ ಮಗ ಈಗಲೂ ಕತ್ತಲಲ್ಲೇ ಮನೆ ಬಿಡುತ್ತಾನೆ.

ಇಷ್ಟೆಲ್ಲ ತಲೆಯಲ್ಲಿ ತುಂಬಿಕೊಂಡು ಬೋರ್ಡ್ ಮೀಟಿಂಗಿಗೆ ಹೋದೆ. ಸಂಜೆ ಆರೂವರೆಗೆ. ಡಿಸ್ಟ್ರಿಕ್ಟ್ ಆಫೀಸಿನ ಉದ್ದ ಹಾಲ್, ಮಡಚುವ ಕುರ್ಚಿಗಳು, ಮುಂದೆ ಅರ್ಧಚಂದ್ರದ ಮೇಜು. ಮಾತಾಡಬೇಕೆಂದರೆ ಬಾಗಿಲ ಹತ್ತಿರ ಒಂದು ಚೀಟಿಯಲ್ಲಿ ಹೆಸರು ಬರೆದು ಕೊಡಬೇಕು. ತಲಾ ಎರಡು ನಿಮಿಷ. ಎದುರಿನ ಪರದೆಯ ಮೇಲೆ ಗಡಿಯಾರ ಇಳಿಯುತ್ತಾ ಬರುತ್ತದೆ, ಹಸಿರು, ಹಳದಿ, ಕೆಂಪು. ಅಜೆಂಡಾದಲ್ಲಿ ಇಲ್ಲದ ವಿಷಯ ಎತ್ತಿದರೆ ಬೋರ್ಡಿನವರು ಉತ್ತರ ಕೊಡದೆ ತಲೆಯಾಡಿಸುತ್ತಾರೆ. ಅದು ಸೊಕ್ಕಲ್ಲ, ಬ್ರೌನ್ ಆಕ್ಟ್. 1953ರ ಕಾನೂನು. ಅಜೆಂಡಾವನ್ನು 72 ಗಂಟೆ ಮೊದಲೇ ಊರಿಗೆ ತಿಳಿಸಬೇಕು, ಅದರಲ್ಲಿಲ್ಲದ್ದನ್ನು ಚರ್ಚೆ ಮಾಡುವ ಹಾಗಿಲ್ಲ. (ಈ ಬ್ರೌನ್‌ಗೂ ಮಸೂದೆ ವಾಪಸ್ ಕಳಿಸಿದ ಆ ಬ್ರೌನ್‌ಗೂ ಸಂಬಂಧ ಇಲ್ಲ.)

ಮೊದಲು ಮಾತಾಡಿದವರೆಲ್ಲ ನಮ್ಮಂಥವರೇ. ಒಬ್ಬರು ಪ್ರಿಂಟ್ ಹಾಕಿದ ಗ್ರಾಫ್ ತಂದಿದ್ದರು. ಒಬ್ಬರು ಸಂಶೋಧನೆಗಳ ಹೆಸರು ಉರುಹೊಡೆದು ಬಂದಿದ್ದರು. ಈಜಿನ ಕೋಚಿಂಗ್ ತಪ್ಪುತ್ತದೆ ಅಂತ ಒಬ್ಬರು. ಆಫೀಸಿಗೆ ವಾರಕ್ಕೆ ಮೂರು ದಿನ ಹೋಗಲೇಬೇಕು, 7:50 ಆದರೆ ನಮಗೆ ಅನುಕೂಲವೇ ಅಂತ ಇನ್ನೊಬ್ಬರು. ಎರಡೂ ಕಡೆ ಚಪ್ಪಾಳೆ.

ಆಮೇಲೆ ಒಬ್ಬ ಹೆಂಗಸು ಎದ್ದು ಬಂದರು. ಆಸ್ಪತ್ರೆಯವರು ಹಾಕುವ ನೀಲಿ ಸ್ಕ್ರಬ್ಸ್ ಹಾಕಿದ್ದರು, ಕೆಲಸದಿಂದ ನೇರ ಬಂದ ಹಾಗಿತ್ತು. ಸ್ಪ್ಯಾನಿಷ್‌ನಲ್ಲಿ ಮಾತಾಡಿದರು, ಪಕ್ಕದಲ್ಲಿ ಡಿಸ್ಟ್ರಿಕ್ಟ್‌ನ ದುಭಾಷಿ. ನನ್ನ ಶಿಫ್ಟ್ ಏಳು ಗಂಟೆಗೆ. ಆರೂಕಾಲಿಗೆ ಮನೆ ಬಿಡುತ್ತೇನೆ. ಮಿಡಲ್ ಸ್ಕೂಲಿನಲ್ಲಿರುವ ದೊಡ್ಡ ಮಗಳು ತಮ್ಮನಿಗೆ ತಿಂಡಿ ತಿನ್ನಿಸಿ, ಅವನನ್ನು ಎಲಿಮೆಂಟರಿಗೆ ಬಿಟ್ಟು ತಾನು ಹೋಗುತ್ತಾಳೆ. ಅಲ್ಲಿನ ಗೇಟು ಏಳೂ ಮುಕ್ಕಾಲಿಗೇ ತೆಗೆಯುವುದರಿಂದ ಈಗ ಹೇಗೋ ನಡೆಯುತ್ತಿದೆ. ಮಧ್ಯಾಹ್ನ ಅವಳೇ ಅವನನ್ನು ಕರೆದುಕೊಂಡು ಬರುತ್ತಾಳೆ. ನೀವು ಚಿಕ್ಕವರನ್ನು ಎರಡು ಗಂಟೆಗೆ ಬಿಟ್ಟು, ದೊಡ್ಡವರನ್ನು ಮೂರೂವರೆಗೆ ಬಿಟ್ಟರೆ, ಆ ಒಂದೂವರೆ ಗಂಟೆ ನನ್ನ ಮಗ ಎಲ್ಲಿರಬೇಕು?

ಇಷ್ಟು ಹೇಳುವಷ್ಟರಲ್ಲಿ ಪರದೆ ಕೆಂಪಾಯಿತು. ಅಧ್ಯಕ್ಷರು ಥ್ಯಾಂಕ್ಯೂ ಅಂದರು. ಹಿಂದಿನ ಸಾಲಿನಿಂದ ಒಬ್ಬ ಹಿರಿಯ ಟೀಚರ್ ಎದ್ದು, ದುಭಾಷಿ ಬೇಕಾದವರಿಗೆ ಎರಡು ಪಟ್ಟು ಸಮಯ ಕೊಡಬೇಕು ಅಂತ ಕಾನೂನಿದೆ ಅಂದರು. ಇದೆ, ಅದೂ ಬ್ರೌನ್ ಆಕ್ಟಿನಲ್ಲೇ. ಗಡಿಯಾರವನ್ನು ಮತ್ತೆ ಎರಡು ನಿಮಿಷಕ್ಕೆ ತಿರುಗಿಸಿದರು. ಆಕೆ ಒಂದು ನಿಮಿಷವೂ ತಗೊಳ್ಳಲಿಲ್ಲ. ಆನ್‌ಲೈನ್ ಸರ್ವೆ ನನಗೆ ಬಂದಿರಲಿಲ್ಲ, ಪಕ್ಕದ ಮನೆಯವಳು ಹೇಳಿದ್ದಕ್ಕೆ ಗೊತ್ತಾಯಿತು ಅಂದು ಕೂತರು.

ಆ ಸರ್ವೆ ನನಗೆ ಮೂರು ಸಲ ಬಂದಿತ್ತು, ಇಮೇಲ್, ಆ್ಯಪ್, ಟೆಕ್ಸ್ಟ್. ಅದರಲ್ಲಿ ‘ನಿಮಗೆ ಯಾವ ಸಮಯ ಇಷ್ಟ?’ ಅಂತಿತ್ತು. ‘ಬೆಳಗ್ಗೆ ನಿಮ್ಮ ಮಗುವನ್ನು ಯಾರು ಬಿಡುತ್ತಾರೆ, ಮಧ್ಯಾಹ್ನ ಯಾರು ಕರೆತರುತ್ತಾರೆ?’ ಅಂತ ಇರಲೇ ಇಲ್ಲ. ಇಷ್ಟ ಅನ್ನೋದು ನಮ್ಮಂಥವರ ಪ್ರಶ್ನೆ. ಕ್ಯಾಲೆಂಡರಿನಲ್ಲಿ ‘ಸ್ಕೂಲ್ ಡ್ರಾಪ್’ ಅಂತ ಬ್ಲಾಕ್ ಹಾಕಿಕೊಂಡರೆ ನಮ್ಮ ಮ್ಯಾನೇಜರ್ ಏನೂ ಅನ್ನುವುದಿಲ್ಲ. ಏಳಕ್ಕೆ ಪಂಚ್ ಮಾಡಬೇಕಾದವರಿಗೆ ಸಮಯ ಇಷ್ಟಾನಿಷ್ಟದ ವಿಷಯ ಅಲ್ಲ.

ನನ್ನ ಚೀಟಿ ಬಂದಾಗ ಬರೆದುಕೊಂಡು ಹೋಗಿದ್ದ ಸಿಯಾಟಲ್ ಕಥೆಯನ್ನು ಬಿಟ್ಟೆ. ಕೇಳಿದ್ದು ಒಂದೇ. ಕ್ಯಾಲಿಫೋರ್ನಿಯಾದಲ್ಲಿ 2021ರಿಂದ ಆರನೇ ಕ್ಲಾಸಿನವರೆಗಿನ ಮಕ್ಕಳಿಗೆ ಶಾಲೆಯ ಹೊತ್ತಿನ ಜೊತೆಗೆ ಹಿಂದೆ ಮುಂದೆ ಸೇರಿಸಿ ದಿನಕ್ಕೆ ಒಂಬತ್ತು ಗಂಟೆ ಕೊಡುವುದಕ್ಕೆ ರಾಜ್ಯ ಸರ್ಕಾರ ದುಡ್ಡು ಕೊಡುತ್ತದೆ. ಎಕ್ಸ್‌ಪ್ಯಾಂಡೆಡ್ ಲರ್ನಿಂಗ್ ಅನ್ನುವ ಯೋಜನೆ. ನಮ್ಮಲ್ಲಿ ಅದು ಬರೀ ಮಧ್ಯಾಹ್ನಕ್ಕೆ ಖರ್ಚಾಗುತ್ತದೆ. ಸೀಟಿಗೆ ಕಾಯುವವರ ಪಟ್ಟಿಯೂ ಇದೆ. ಬೆಲ್ ಬದಲಾಯಿಸುವ ಮೊದಲು ಎರಡು ಕೆಲಸ ಮಾಡಿ: ಎಲಿಮೆಂಟರಿ ಗೇಟನ್ನು ಆರೂವರೆಗೆ ತೆಗೆದು ತಿಂಡಿ ಕೊಡಿ, ಮಧ್ಯಾಹ್ನ ಅಣ್ಣ ಅಕ್ಕ ಮಿಡಲ್ ಸ್ಕೂಲಿನಲ್ಲಿರುವ ಮಕ್ಕಳಿಗೆ ಮೊದಲು ಸೀಟು ಕೊಡಿ. ಆಮೇಲೆ ನಮ್ಮ ಮಕ್ಕಳನ್ನು ಎಷ್ಟು ಬೇಕಾದರೂ ಮಲಗಿಸಿ. ಹಳದಿ ಬಣ್ಣ ಬರುವ ಮೊದಲೇ ಮುಗಿಸಿದೆ. ವಾಪಸ್ ಬಂದು ಕೂರುವಾಗ ಗ್ರಾಫ್ ತಂದಿದ್ದವರು ನನ್ನ ಕಡೆ ಒಂದು ಥರಾ ನೋಡಿದರು. ನಾನು ಅವರ ಪಾರ್ಟಿಯವಳೋ ಅಲ್ಲವೋ ಅಂತ ಗೊತ್ತಾಗಲಿಲ್ಲ ಅಂತ ಕಾಣುತ್ತೆ.

ಬೋರ್ಡು ಅವತ್ತು ಓಟಿಗೆ ಹಾಕಲಿಲ್ಲ. ಮಧ್ಯಾಹ್ನದ ಸೀಟು ಎಷ್ಟಿದೆ, ಎಷ್ಟು ಮನೆಗಳಲ್ಲಿ ಮಕ್ಕಳು ಎರಡೂ ಶಾಲೆಗಳಲ್ಲಿದ್ದಾರೆ ಅನ್ನುವ ಲೆಕ್ಕ ತನ್ನಿ ಅಂತ ಸೂಪರಿಂಟೆಂಡೆಂಟ್‌ಗೆ ಹೇಳಿ ಮುಂದಿನ ಮೀಟಿಂಗಿಗೆ ಇಟ್ಟಿದೆ. ಸರ್ವೆಯನ್ನು ಸ್ಪ್ಯಾನಿಷ್, ವಿಯೆಟ್ನಾಮಿ, ಚೀನಿ ಭಾಷೆಗಳಲ್ಲಿ ಕಾಗದದ ಮೇಲೂ ಕಳಿಸುತ್ತಾರಂತೆ. ಅಜೆಂಡಾ 72 ಗಂಟೆ ಮೊದಲು ಬರಲೇಬೇಕು. ಬಂದ ತಕ್ಷಣ ನಮ್ಮ ಗುಂಪಿಗೆ ಹಾಕುತ್ತೇನೆ. ಅತ್ತೆ ಈ ಸಲ ತಾವೂ ಬರುತ್ತಾರಂತೆ. ಮಾತಾಡುವುದಾದರೆ ಕನ್ನಡಕ್ಕೆ ದುಭಾಷಿ ಕೊಡುತ್ತಾರಾ ಅಂತ ಕೇಳಿ ಡಿಸ್ಟ್ರಿಕ್ಟ್‌ಗೆ ಇಮೇಲ್ ಹಾಕಿದ್ದೇನೆ, ಇನ್ನೂ ಉತ್ತರ ಬಂದಿಲ್ಲ. ಕೊಟ್ಟರೆ ಅವರಿಗೆ ನಾಲ್ಕು ನಿಮಿಷ ಸಿಗುತ್ತದೆ. ಅಷ್ಟರಲ್ಲಿ ಬೇಗ ಏಳುವುದರ ಮಹಿಮೆ ಹೇಳಿ ನನ್ನ ವಾದವನ್ನೆಲ್ಲ ಹಾಳು ಮಾಡಿಬಿಡುತ್ತಾರೆ ಅಂತ ಮಗಳಿಗೆ ಈಗಲೇ ಚಿಂತೆ.